ಮರದ ನೆಲಕ್ಕೆ ಗೀರು ಬಿದ್ದರೆ

ಪ್ರಶ್ನೆ: ಕುರ್ಚಿ ಎಳೆದು ನಮ್ಮ ಓಕ್ ನೆಲದ ಮೇಲೆ ಬಿಳಿ ಗೀರುಗಳಾಗಿವೆ. ಇಡೀ ನೆಲ ಉಜ್ಜಿಸಬೇಕೆ?

ಉತ್ತರ: ಅಷ್ಟಕ್ಕೆಲ್ಲ ಹೋಗಬೇಡಿ. ಮೊದಲು ಗೀರಿಗೆ ಅಡ್ಡಲಾಗಿ ಉಗುರು ಆಡಿಸಿ. ತಡೆಯದೆ ಜಾರಿದರೆ ಪೆಟ್ಟಾಗಿರುವುದು ಬಹುಮಟ್ಟಿಗೆ ಮೇಲಿನ ಪಾಲಿಯುರೆಥೇನ್ ಪದರಕ್ಕೆ, ಮರಕ್ಕಲ್ಲ. ಒರಟಾದ ಅಂಚು ಬೆಳಕನ್ನು ಚದುರಿಸುವುದರಿಂದ ಗೀರು ಬೆಳ್ಳಗೆ ಕಾಣುತ್ತದೆ. ಒಂದು ಹನಿ ಮಿನರಲ್ ಸ್ಪಿರಿಟ್ ಸವರಿ ನೋಡಿ. ಒದ್ದೆಯಿರುವಷ್ಟು ಹೊತ್ತು ಗೀರು ಮಾಯವಾದರೆ ಮರ ಉಳಿದಿದೆ ಎಂದೇ ಲೆಕ್ಕ.

ಒಣಗಿದ ಮೇಲೆ 220 ನಂಬರಿನ ಮರಳು ಕಾಗದದಿಂದ ಮರದ ಎಳೆಯ ಗುಂಟ ಹಗುರವಾಗಿ ಉಜ್ಜಿ, ದೂಳು ಒರೆಸಿ, ಅದೇ ಹೊಳಪಿನ ಪಾಲಿಯುರೆಥೇನನ್ನು ತೆಳ್ಳಗೆ ಬಳಿಯಿರಿ. ಗೀರಿನ ಮೇಲಷ್ಟೇ ಬಳಿದರೆ ಸಂಜೆಯ ಓರೆ ಬಿಸಿಲಿಗೆ ತೇಪೆ ಎದ್ದು ಕಾಣುತ್ತದೆ. ಆ ಹಲಗೆಗೆ ಪೂರ್ತಿ ಬಳಿಯುವುದೇ ಲೇಸು.

ಉಗುರು ಸಿಕ್ಕಿಕೊಂಡರೆ ಬಣ್ಣದ ಮೇಣ ತುಂಬಿ ಹಳೆಯ ಎಟಿಎಂ ಕಾರ್ಡಿನಿಂದ ಸಮ ಮಾಡಿ. ಅಕ್ರೋಟ್ ಉಜ್ಜುವ ಉಪಾಯ ನನಗೇನೂ ರುಚಿಸಿಲ್ಲ. ಎಣ್ಣೆ ಗೀರನ್ನು ಕಪ್ಪಾಗಿಸಿ ಮರೆಮಾಚುತ್ತದೆ, ಅಷ್ಟೆ.

ಕಾರ್ಖಾನೆಯಲ್ಲೇ ಅಲ್ಯೂಮಿನಿಯಂ ಆಕ್ಸೈಡ್ ಲೇಪನವಾದ ಹಲಗೆಯಾದರೆ ಉಜ್ಜಲು ಹೋಗದೆ ತಯಾರಕರ ರಿಪೇರಿ ಕಿಟ್ ಕೊಳ್ಳಿ. ಎಣ್ಣೆ ಆಧಾರಿತ ಲೇಪನ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಬಿಡಿಸಿ ಹೊರಗೆ ಒಣಗಿಸಿ. ಅದು ತಾನಾಗಿಯೇ ಕಾವೇರಿ ಬೆಂಕಿ ಹೊತ್ತಿಕೊಳ್ಳಬಲ್ಲದು.