ಹೋದ ತಿಂಗಳ ಫೈಲು ಸಿಗುತ್ತದೆಯೇ?

ಧಾರವಾಡದಲ್ಲಿ ನಾನು ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ. ಕಾದಂಬರಿ, ಅಭಿನಂದನ ಗ್ರಂಥ, ಪಿಎಚ್.ಡಿ. ಪ್ರಬಂಧ, ಮದುವೆಯ ಹಂಗಾಮು ಬಂತೆಂದರೆ ಲಗ್ನಪತ್ರಿಕೆ. ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ವರ್ಷಗಟ್ಟಲೆ ಬರೆದದ್ದನ್ನೆಲ್ಲ ಒಂದು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಜೇಬಿನಲ್ಲಿಟ್ಟುಕೊಂಡು ಬರುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಕಳವಳ. ಆದರೆ ಪೆನ್‌ಡ್ರೈವ್ ಕಳೆದುಹೋಗುವುದಕ್ಕಿಂತ ದೊಡ್ಡ ಅಪಾಯವೊಂದಿದೆ. ಅದರ ಕಡೆ ಯಾರ ಗಮನವೂ ಹೋಗುವುದಿಲ್ಲ.

ನಿವೃತ್ತ ಪ್ರಾಧ್ಯಾಪಕರೊಬ್ಬರು ಹಂತಿ ಪದಗಳನ್ನು ಊರೂರು ಸುತ್ತಿ ಸಂಗ್ರಹಿಸಿದ್ದರು. ಮೊದಲ ಟೈಪಿಂಗ್ ಹಳೆಯ ನುಡಿ ಫಾಂಟಿನಲ್ಲಿ ಆಗಿತ್ತು. ಪ್ರಕಾಶಕರು ಯೂನಿಕೋಡ್ ಕೇಳಿದಾಗ ಪರಿಚಯದ ಹುಡುಗನೊಬ್ಬ ಪರಿವರ್ತಿಸಿಕೊಟ್ಟು, ಅದೇ ಹೆಸರಿನಲ್ಲಿ ಉಳಿಸಿದ. ಮೊದಲ ಪುಟಗಳು ಸರಿಯಾಗಿಯೇ ಕಂಡವು. ಪ್ರಾಧ್ಯಾಪಕರು ಅದರ ಮೇಲೆಯೇ ವಾರಗಟ್ಟಲೆ ಪೀಠಿಕೆ, ಟಿಪ್ಪಣಿ ಸೇರಿಸುತ್ತ ಹೋದರು. ಒಳಪುಟಗಳಿಗೆ ಬಂದಾಗ ನೋಡಿದರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗಿದೆ, ‘ಧರ್ಮ’ ‘ಧಮರ್’ ಆಗಿದೆ, ‘ಸೂರ್ಯ’ ‘ಸೂಯರ್’ ಆಗಿದೆ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮುಂಚೆ ಬರಬೇಕು. ಪರಿವರ್ತಕ ತಂತ್ರಾಂಶ ಆ ಸ್ಥಾನಪಲ್ಲಟ ಮಾಡದಿದ್ದರೆ ಹೀಗಾಗುತ್ತದೆ. ಸರಿಪಡಿಸಲೆಂದು ಯಾರೋ ‘ಎಲ್ಲವನ್ನೂ ಬದಲಿಸು’ ಗುಂಡಿಯನ್ನೂ ಒತ್ತಿದ್ದರು. ಸರಿಯಿದ್ದ ಪದಗಳೂ ಕೆಟ್ಟವು.

“ತಂಗೀ, ಮೂರು ಕಡೆ ಇಟ್ಟೀನಿ. ಮೂರೂ ಕಡೆ ಕೆಟ್ಟದ್ದ ಐತಿ ನೋಡವಾ” ಎಂದರು.

ಲ್ಯಾಪ್‌ಟಾಪು, ಪೆನ್‌ಡ್ರೈವು, ಮಗನ ಕಂಪ್ಯೂಟರು. ಶಿಸ್ತಿನ ಮನುಷ್ಯರು, ತಿದ್ದಿದಾಗಲೆಲ್ಲ ಮೂರೂ ಕಡೆ ನಕಲು ಮಾಡಿದ್ದಾರೆ. ಪ್ರತಿ ಸಲವೂ ಹೊಸ ಫೈಲು ಹಳೆಯದರ ಮೇಲೆ ಕೂತಿದೆ. ಅವರಿಗೆ ಆಗ ಬೇಕಾಗಿದ್ದದ್ದು ಪರಿವರ್ತನೆಗೂ ಮುಂಚಿನ ಫೈಲು. ಅದು ಸಿಕ್ಕಿತು. ಹಿಂದೊಮ್ಮೆ ಅದರ ಪ್ರಿಂಟ್ ತೆಗೆಸಲು ನಮ್ಮಲ್ಲಿ ಕೊಟ್ಟಿದ್ದರು, ನಮ್ಮ ಬ್ಯಾಕಪ್ ತಂತ್ರಾಂಶ ಆವತ್ತಿನ ಪ್ರತಿಯನ್ನು ಆವತ್ತಿನ ತಾರೀಖಿನಡಿ ಇಟ್ಟುಕೊಂಡಿತ್ತು.

ಬ್ಯಾಕಪ್ ತಂತ್ರಾಂಶಕ್ಕೂ ಸಾದಾ ನಕಲಿಗೂ ಇರುವ ಅಂತರ ಇದೇ. ಇದು ಕಾಲವನ್ನೂ ಕೂಡಿಸಿಡುತ್ತದೆ. ಮೊದಲ ದಿನ ಇಡೀ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಒಯ್ಯುತ್ತದೆ. ಅದಕ್ಕೆ ತಾಸುಗಟ್ಟಲೆ ಹಿಡಿಯಬಹುದು. ಮಾರನೆಯ ದಿನದಿಂದ ಬದಲಾದದ್ದನ್ನು ಮಾತ್ರ ಎತ್ತಿಕೊಳ್ಳುತ್ತದೆ. ರೆಸ್ಟಿಕ್, ಡುಪ್ಲಿಕಾಟಿಯಂಥ ತಂತ್ರಾಂಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಫೈಲುಗಳನ್ನು ತುಂಡು ಮಾಡಿ, ಒಂದೊಂದು ತುಂಡಿನ ಒಳಗಿರುವುದರ ಮೇಲೆ ಲೆಕ್ಕ ಹಾಕಿ ಅದಕ್ಕೊಂದು ಗುರುತು ಕೊಡುತ್ತವೆ. ಆ ಗುರುತಿನ ತುಂಡು ಡಿಸ್ಕಿನಲ್ಲಿ ಆಗಲೇ ಇದ್ದರೆ ಮತ್ತೆ ಬರೆಯುವುದಿಲ್ಲ. ಹಾಗಾಗಿ ತಿಂಗಳುಗಟ್ಟಲೆ ಹಿಂದಿನ ದಿನಗಳನ್ನು ಇಟ್ಟುಕೊಂಡರೂ ಜಾಗ ಅಷ್ಟೊಂದು ಬೇಕಾಗುವುದಿಲ್ಲ. ತಾರೀಖು ಆರಿಸಿದರೆ ಆ ದಿನ ಫೋಲ್ಡರು ಹೇಗಿತ್ತೋ ಹಾಗೇ ತೆರೆದುಕೊಳ್ಳುತ್ತದೆ. ಎರಡೂ ಉಚಿತವಾಗಿ ಸಿಗುತ್ತವೆ. ರೆಸ್ಟಿಕ್‌ಗೆ ಆಜ್ಞೆಗಳನ್ನು ಟೈಪ್ ಮಾಡಬೇಕು, ಡುಪ್ಲಿಕಾಟಿಯಲ್ಲಿ ಗುಂಡಿ ಒತ್ತಿದರೆ ಸಾಕು. ಮೊದಲ ಸಲ ಮಾಡುವವರಿಗೆ ನಾನು ಡುಪ್ಲಿಕಾಟಿಯನ್ನೇ ತೋರಿಸುತ್ತೇನೆ.

ಅಷ್ಟೂ ಬೇಡವೆಂದರೆ ಕಂಪ್ಯೂಟರಿನೊಳಗೇ ಇರುವುದನ್ನು ಬಳಸಬಹುದು. ಆಪಲ್ ಕಂಪ್ಯೂಟರುಗಳಲ್ಲಿ 2007ರಿಂದ ಟೈಮ್ ಮಷೀನ್ ಇದೆ: ಕಳೆದ 24 ತಾಸಿಗೆ ತಾಸಿಗೊಂದು, ಕಳೆದ ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದು ಪ್ರತಿ ಇಡುತ್ತದೆ. ವಿಂಡೋಸ್ 8ರ ಜೊತೆ 2012ರಲ್ಲಿ ಫೈಲ್ ಹಿಸ್ಟರಿ ಬಂತು. ಈಗಲೂ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಹುಡುಕಿದರೆ ಸಿಗುತ್ತದೆ. ಒಂದು ಮಾತು ನೆನಪಿರಲಿ: ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್‌ನಂಥ ಫೋಲ್ಡರುಗಳನ್ನು ಅದು ತಾನಾಗಿ ನೋಡಿಕೊಳ್ಳುತ್ತದೆ. ಡಿ ಡ್ರೈವ್‌ನಲ್ಲಿ ನೀವು ಮಾಡಿಟ್ಟ ಫೋಲ್ಡರನ್ನು ನೀವೇ ಸೇರಿಸಬೇಕು.

ಡಿ ಡ್ರೈವ್ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ನಮ್ಮಲ್ಲಿ ಕಂಪ್ಯೂಟರು ಜೋಡಿಸಿಕೊಡುವವರು ಒಂದೇ ಡಿಸ್ಕನ್ನು ಸಿ, ಡಿ ಎಂದು ಭಾಗ ಮಾಡಿ, “ಸಿ ಹೋದರೂ ಡಿ ಉಳಿತದರೀ” ಎಂದು ಹೇಳಿಹೋಗುತ್ತಾರೆ. ವಿಂಡೋಸ್ ಕೆಟ್ಟು ಮರಳಿ ಹಾಕಬೇಕಾದಾಗ ಅದು ನಿಜ. ಡಿಸ್ಕೇ ಸತ್ತರೆ ಎರಡೂ ಒಟ್ಟಿಗೇ ಹೋಗುತ್ತವೆ. ಸಿ ಡ್ರೈವಿನದನ್ನು ಡಿ ಡ್ರೈವಿಗೆ ನಕಲು ಮಾಡಿ ನೆಮ್ಮದಿಯಿಂದ ಇರುವವರು ಎಷ್ಟೋ ಜನ ಇದ್ದಾರೆ. ಅವರಿಗೆ ಸಿಟ್ಟಿನಿಂದಲ್ಲ, ಕಾಳಜಿಯಿಂದ ಹೇಳುತ್ತೇನೆ, ಅದು ಬ್ಯಾಕಪ್ ಅಲ್ಲ.

ಗೂಗಲ್ ಡ್ರೈವ್ ಇದೆಯಲ್ಲ ಎನ್ನುವವರೂ ಉಂಟು. ಕಂಪ್ಯೂಟರಿನ ಫೋಲ್ಡರನ್ನು ಅದಕ್ಕೆ ಜೋಡಿಸಿದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಕಸದ ಬುಟ್ಟಿಗೆ ಹೋದದ್ದು 30 ದಿನಗಳ ನಂತರ ಶಾಶ್ವತವಾಗಿ ಹೋಗುತ್ತದೆ. ನಮ್ಮ ಕೆಲಸದಲ್ಲಿ 30 ದಿನ ಏನೂ ಅಲ್ಲ. ಲೇಖಕರಿಗೆ ಕರಡು ಕಳಿಸಿದರೆ ಕೆಲವರು ಎರಡು ತಿಂಗಳಿಗೆ ತಿದ್ದಿ ಕಳಿಸುತ್ತಾರೆ. ತಪ್ಪು ಕಾಣುವುದು ಆವಾಗ.

ಹೊರಗಿನ ಹಾರ್ಡ್ ಡಿಸ್ಕನ್ನು ಸದಾ ಕಂಪ್ಯೂಟರಿಗೆ ಚುಚ್ಚಿಯೇ ಇಡಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ಇಂಥದೇ ದಾಳಿಯಾಗಿ, ಹಲವು ದಿನ ರೋಗಿಗಳ ನೋಂದಣಿಯನ್ನು ಕೈಬರಹದಲ್ಲಿ ಮಾಡಬೇಕಾಯಿತು. ಇಂಥ ತಂತ್ರಾಂಶ ಕಂಪ್ಯೂಟರಿಗೆ ಆ ಹೊತ್ತಿನಲ್ಲಿ ಏನೇನು ಜೋಡಣೆಯಾಗಿದೆಯೋ ಅದಕ್ಕೆಲ್ಲ ಕೈ ಹಾಕುತ್ತದೆ. ಬ್ಯಾಕಪ್ ಡಿಸ್ಕೂ ಜೋಡಣೆಯಾಗಿದ್ದರೆ ಅದೂ ಹೋಯಿತು.

ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕರು ಫೋಟೋಗಳ ಸಂರಕ್ಷಣೆಯ ಬಗ್ಗೆ ಬರೆಯುತ್ತ 3-2-1 ಎಂಬ ಸೂತ್ರವನ್ನು ಪ್ರಚಾರಕ್ಕೆ ತಂದರು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಕೊನೆಯದನ್ನೇ ಜನ ಬಿಡುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ಅಲ್ಲಿನ ಸರ್ಕಾರಿ ನೌಕರರು ಕಚೇರಿಯ ಕಡತಗಳನ್ನು ಇಡುತ್ತಿದ್ದ 858 ಟೆರಾಬೈಟಿನ ಜಿ-ಡ್ರೈವ್ ಸುಟ್ಟುಹೋಯಿತು. ಗಾತ್ರ ಬಹಳ ದೊಡ್ಡದೆಂದು ಹೊರಗೆ ಪ್ರತಿ ಇಟ್ಟಿರಲಿಲ್ಲ. ನನ್ನಲ್ಲಿ ಎರಡು ಡಿಸ್ಕುಗಳಿವೆ. ಒಂದು ಅಂಗಡಿಯಲ್ಲಿ, ಇನ್ನೊಂದು ಹುಬ್ಬಳ್ಳಿಯ ತಂಗಿಯ ಮನೆಯ ಕಪಾಟಿನಲ್ಲಿ. ಹಬ್ಬಕ್ಕೋ ಹರಿದಿನಕ್ಕೋ ಹೋದಾಗ ಅದಲುಬದಲು ಮಾಡಿಕೊಂಡು ಬರುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೂ ಮರಳಿ ತೆಗೆದು ನೋಡದಿದ್ದರೆ ಬ್ಯಾಕಪ್ ಇದೆ ಎಂದು ಹೇಳಲಾಗದು. ತಂತ್ರಾಂಶ ಬರೆಯುವವರ ಕೋಡ್ ಕಾಪಾಡುವುದೇ ಗಿಟ್‌ಲ್ಯಾಬ್ ಕಂಪನಿಯ ಕಸುಬು. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರೊಬ್ಬರಿಂದ ಮುಖ್ಯ ದತ್ತಸಂಚಯ ಅಳಿಸಿಹೋಯಿತು. ಬ್ಯಾಕಪ್ಪಿಗೆ ಹಲವು ವ್ಯವಸ್ಥೆಗಳಿದ್ದವು. ತೆಗೆದು ನೋಡಿದರೆ ಒಂದಕ್ಕೆ ಆವೃತ್ತಿ ಹೊಂದದೆ ಅದು ಎಂದೋ ನಿಂತಿತ್ತು, ನಿಂತಿದೆ ಎಂದು ಹೇಳುವ ಇ-ಮೇಲುಗಳೂ ತಲುಪುತ್ತಿರಲಿಲ್ಲ. ಸುಮಾರು 6 ತಾಸು ಮುಂಚೆ ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಪ್ರತಿಯೊಂದು ಕೊನೆಗೆ ಕಾಪಾಡಿತು. ಕಂಪನಿ ಇದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿತು. ಆ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ಅದರಿಂದ ಜಗತ್ತಿನ ಎಷ್ಟೋ ಜನ ತಮ್ಮ ಬ್ಯಾಕಪ್ ತೆರೆದು ನೋಡಿಕೊಂಡಿರಬೇಕು.

ನಮ್ಮಲ್ಲಿ ಪ್ರತಿ ತಿಂಗಳ ಮೊದಲ ಸೋಮವಾರ ಯಾವುದಾದರೂ ಒಂದು ಹಳೆಯ ಪುಸ್ತಕದ ಫೋಲ್ಡರನ್ನು ಬೇರೆ ಕಂಪ್ಯೂಟರಿಗೆ ಮರಳಿ ತೆಗೆಯುತ್ತೇವೆ. ತೆಗೆದು, ತೆರೆದು, ನಡುವಿನ ಪುಟವೊಂದನ್ನು ಓದುತ್ತೇವೆ. ಓದಿದ್ದರಿಂದಲೇ ಗೊತ್ತಾದ ಸಂಗತಿಗಳಿವೆ. ಫೈಲು ಬಂದರೂ ಫಾಂಟು ಬಂದಿರದಿದ್ದರೆ ಹಳೆಯ ನುಡಿಯ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0. ಅದರ ಫೈಲುಗಳನ್ನು ಈಗಿನ ಇನ್‌ಡಿಸೈನ್ ತೆರೆಯುವುದಿಲ್ಲ. ಹಾಗಾಗಿ ಪ್ರತಿ ಪುಸ್ತಕದ ಫೋಲ್ಡರಿನೊಳಗೇ ಬಳಸಿದ ಫಾಂಟುಗಳನ್ನೂ, ಪಿಡಿಎಫ್ ಒಂದನ್ನೂ, ಯೂನಿಕೋಡಿನ ಸಾದಾ ಪಠ್ಯವನ್ನೂ ಇಡುತ್ತೇವೆ. ಕೆಲಸ ನಡೆದಿರುವಾಗ ತೆರೆದೇ ಇರುವ ಫೈಲುಗಳನ್ನು ಕೆಲವು ತಂತ್ರಾಂಶಗಳು ಬಿಟ್ಟುಬಿಡುತ್ತವೆ. ಅದಕ್ಕೇ ಬ್ಯಾಕಪ್ ವೇಳೆಯನ್ನು ಊಟದ ಹೊತ್ತಿಗೆ ಇಟ್ಟಿದ್ದೇವೆ, ಎಲ್ಲವನ್ನೂ ಮುಚ್ಚಿ ಏಳುತ್ತೇವೆ. ಕೆಳಗಿನ ಅಂಗಡಿಯವರಿಗೂ ಅವರ ಟ್ಯಾಲಿ ಫೋಲ್ಡರಿಗೆ ಇದೇ ವ್ಯವಸ್ಥೆ ಮಾಡಿಕೊಟ್ಟಿದ್ದೇನೆ.

ಡಿಸ್ಕು ಯಾರ ಕೈಗಾದರೂ ಸಿಕ್ಕರೆ ಓದಬಾರದೆಂದು ಬ್ಯಾಕಪ್ಪಿಗೆ ಗುಪ್ತಪದ ಹಾಕುತ್ತೇವೆ. ಆ ಗುಪ್ತಪದ ಕಳೆದರೆ ತಂತ್ರಾಂಶ ಬರೆದವರಿಂದಲೂ ಏನೂ ಮಾಡಲಾಗದು. ನಮ್ಮದನ್ನು ಕಾಗದದಲ್ಲಿ ಬರೆದು ಮನೆಯ ಉತಾರದ ಜೊತೆ ಇಟ್ಟಿದ್ದೇನೆ. ಎಲ್ಲಿದೆ ಎಂದು ತಂಗಿಗೂ, ಅಂಗಡಿಯ ಹುಡುಗಿಗೂ ಗೊತ್ತು.