ಬೀದಿದೀಪ, ಚರಂಡಿ, ಜಕಾತಿ: ಹಳೆಯ ಪುರಸಭೆಯ ದಿನಚರಿ

1950ರ ದಶಕದ ಸಣ್ಣ ಊರೊಂದರ ಪುರಸಭೆ ನಡಾವಳಿ ಪುಸ್ತಕ ತೆರೆದರೆ ಸಿಗುವ ವಿಷಯಗಳು ಇಂಥವು: ಪೇಟೆಬೀದಿಗೆ ಎರಡು ದೀಪ ಹೆಚ್ಚಿಗೆ ಹಾಕಿಸುವುದು, ಸಂತೆ ಸುಂಕದ ಹರಾಜು, ಕಸದ ಗಾಡಿಗೆ ಎತ್ತು ಕೊಳ್ಳುವುದು, ಜವಾನನ ರಜೆ ಅರ್ಜಿ, ಚರಂಡಿಯ ಮೇಲೆ ಜಗಲಿ ಕಟ್ಟಿದವರಿಗೆ ನೋಟಿಸು. ಅದೇ ದಶಕದಲ್ಲಿ ದೇಶ ಮೊದಲ ಮಹಾಚುನಾವಣೆ ಕಂಡಿತು, ಪಂಚವಾರ್ಷಿಕ ಯೋಜನೆ ಶುರುವಾಯಿತು, ಕನ್ನಡ ನಾಡು ಒಂದಾಯಿತು. ಇವು ಪುರಸಭೆಯ ಮುಂದೆ ಬಂದದ್ದು ಹೆಚ್ಚಾಗಿ ಸರ್ಕಾರದ ಸುತ್ತೋಲೆಗಳಾಗಿ. ‘ಓದಿ ದಾಖಲಿಸಲಾಯಿತು’ ಎಂದು ಬರೆದುಕೊಂಡರೆ ಮುಗಿಯಿತು, ಮುಂದಿನ ವಿಷಯ ಮತ್ತೆ ಚರಂಡಿ.

ಇದನ್ನು ಓದಿ ನಗುವವರಿದ್ದಾರೆ. ಆದರೆ ವಿಧಾನಸಭೆ ದೂರದ ರಾಜಧಾನಿಯಲ್ಲಿದ್ದ, ಪಾರ್ಲಿಮೆಂಟು ಇನ್ನೂ ದೂರವಿದ್ದ ಕಾಲದಲ್ಲಿ ಸಾಮಾನ್ಯ ಜನ ಪ್ರಶ್ನೆ ಕೇಳಬಹುದಾಗಿದ್ದ ಸರ್ಕಾರ ಇದೊಂದೇ. ತಾನೇ ತೆರಿಗೆ ಎತ್ತಿ, ತಾನೇ ಖರ್ಚು ಮಾಡಿ, ಅದರ ಲೆಕ್ಕವನ್ನು ಊರಿನ ಮುಂದೆ ಇಡುತ್ತಿದ್ದ ಸಂಸ್ಥೆ ಅದು.

ಒಂದು ರಾಜ್ಯ, ಹಲವು ಕಾನೂನು

ಸ್ಥಳೀಯ ಸ್ವಯಂ ಆಡಳಿತದ ಮಾತು ಬಂದಾಗ ವೈಸ್‌ರಾಯ್ ಲಾರ್ಡ್ ರಿಪ್ಪನ್ 1882ರ ಮೇ ತಿಂಗಳಲ್ಲಿ ಹೊರಡಿಸಿದ ನಿರ್ಣಯದಿಂದ ಶುರು ಮಾಡುವುದು ರೂಢಿ. ನಮ್ಮಲ್ಲಿ ಪುರಸಭೆಗಳು ಅದಕ್ಕೂ ಹಿಂದಿನವು. ಬೆಂಗಳೂರಿನ ಪೇಟೆ ಮತ್ತು ದಂಡಿನ ಪ್ರದೇಶಗಳಿಗೆ 1862ರಲ್ಲಿ, ಮಂಗಳೂರಿಗೆ 1866ರಲ್ಲಿ ಮುನಿಸಿಪಾಲಿಟಿ ಬಂದಿತ್ತು. ಆಗ ಅವು ಅಧಿಕಾರಿಗಳ ಹಿಡಿತದಲ್ಲಿದ್ದವು. ಚುನಾಯಿತ ಸದಸ್ಯರು, ಆಮೇಲೆ ಚುನಾಯಿತ ಅಧ್ಯಕ್ಷರು ಬಂದದ್ದು ನಿಧಾನವಾಗಿ. ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ ಮಾತ್ರ ಇದ್ದ ಮತ ಎಲ್ಲ ವಯಸ್ಕರಿಗೂ ಸಿಕ್ಕಿದ್ದು ಸ್ವಾತಂತ್ರ್ಯದ ನಂತರ.

ಮೈಸೂರು ಸೀಮೆಯ ಪಟ್ಟಣಗಳು 1951ರ ಮೈಸೂರು ಪಟ್ಟಣ ಮುನಿಸಿಪಾಲಿಟಿ ಕಾಯ್ದೆಯ ಕೆಳಗೆ ನಡೆಯುತ್ತಿದ್ದವು. ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡದ ಊರುಗಳಿಗೆ 1901ರ ಜಿಲ್ಲಾ ಮುನಿಸಿಪಲ್ ಕಾಯ್ದೆ, ಅಲ್ಲಿನ ದೊಡ್ಡ ಊರುಗಳಿಗೆ 1925ರ ಬರೋ ಕಾಯ್ದೆ. ಮಂಗಳೂರು, ಉಡುಪಿ, ಬಳ್ಳಾರಿಯದು 1920ರ ಮದ್ರಾಸ್ ಕಾಯ್ದೆ. ಕಲಬುರಗಿ, ರಾಯಚೂರು, ಬೀದರಿಗೆ ಹೈದರಾಬಾದಿನದು, ಕೊಡಗಿಗೆ ತನ್ನದೇ. 1956ರ ನವೆಂಬರ್ 1ರಂದು ರಾಜ್ಯ ಒಂದಾದರೂ ಪುರಸಭೆಗಳು ಒಂದಾಗಲಿಲ್ಲ. ಎಲ್ಲಕ್ಕೂ ಒಂದೇ ಕಾಯ್ದೆ ಆದದ್ದು 1964ರಲ್ಲಿ, ಅದು ಜಾರಿಗೆ ಬಂದದ್ದು 1965ರಲ್ಲಿ. ನಡುವಿನ ವರ್ಷಗಳಲ್ಲಿ ಹುಬ್ಬಳ್ಳಿಯವರು ‘ಠರಾವು’ ಪಾಸು ಮಾಡುತ್ತಿದ್ದರು, ತುಮಕೂರಿನವರು ‘ನಿರ್ಣಯ’ ಅಂಗೀಕರಿಸುತ್ತಿದ್ದರು. ಹಾಗಿದ್ದರೂ ಎರಡೂ ಕಡೆ ಚರ್ಚೆಯಾಗುತ್ತಿದ್ದದ್ದು ನೀರು, ನೈರ್ಮಲ್ಯ, ಬೆಳಕು, ತೆರಿಗೆ.

ಸಭೆಯ ರೀತಿ ರಿವಾಜು

ಸಭೆಗೆ ಮುಂಚಿತವಾಗಿ ನೋಟಿಸು ಹೊರಡಬೇಕು, ಜೊತೆಗೆ ಅಜೆಂಡಾ ಇರಬೇಕು. ಕೋರಂ ಆಗದಿದ್ದರೆ ಸಭೆ ಮುಂದಕ್ಕೆ. ಹಿಂದಿನ ಸಭೆಯ ನಡಾವಳಿ ಓದಿ ಖಾಯಂ ಮಾಡುವುದು ಮೊದಲ ಕೆಲಸ. ಆಮೇಲೆ ತಿಂಗಳ ಜಮಾ ಖರ್ಚು, ಬಾಕಿದಾರರ ಪಟ್ಟಿ, ಕಟ್ಟಡ ಲೈಸೆನ್ಸಿನ ಅರ್ಜಿಗಳು, ಟೆಂಡರುಗಳು, ಸಿಬ್ಬಂದಿಯ ರಜೆ ಮತ್ತು ಬಡ್ತಿ. ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು’. ನಿಜವಾದ ಜಗಳಗಳು ಏಳುತ್ತಿದ್ದದ್ದು ಬಹಳ ಸಲ ಈ ಕೊನೆಯ ಬಾಬಿನಲ್ಲಿ.

ಪ್ರತಿ ನಿರ್ಣಯಕ್ಕೂ ಒಬ್ಬ ಸೂಚಕ, ಒಬ್ಬ ಅನುಮೋದಕ ಬೇಕು. ಮತ ಸಮಸಮ ಬಿದ್ದರೆ ಅಧ್ಯಕ್ಷರದು ನಿರ್ಣಾಯಕ ಮತ. ಒಮ್ಮೆ ಆದ ನಿರ್ಣಯವನ್ನು ಮನಬಂದಂತೆ ಮರುಸಭೆಯಲ್ಲೇ ತಿರುಗಿಸುವಂತಿರಲಿಲ್ಲ. ಅದಕ್ಕೆ ಅವಧಿ, ಬಹುಮತಗಳ ಕಟ್ಟುಪಾಡಿತ್ತು. ಸಭೆ ನಡೆಯುವಾಗ ಊರಿನವರು ಬಂದು ಕೂರಬಹುದಿತ್ತು. ನಡಾವಳಿ ಪುಸ್ತಕವನ್ನು ನೋಡಬೇಕೆಂದು ಯಾವ ನಿವಾಸಿ ಕೇಳಿದರೂ ತೋರಿಸಬೇಕೆಂಬ ನಿಯಮ 1901ರ ಮುಂಬಯಿ ಕಾಯ್ದೆಯಲ್ಲೇ ಇತ್ತು. ಮಾಹಿತಿ ಹಕ್ಕು ಕಾಯ್ದೆ ಬಂದದ್ದು ಅದಾಗಿ ನೂರು ವರ್ಷ ಕಳೆದ ಮೇಲೆ, 2005ರಲ್ಲಿ.

ವಕೀಲರು, ಮಂಡಿ ವ್ಯಾಪಾರಿಗಳು, ಡಾಕ್ಟರು, ನಿವೃತ್ತ ಮೇಷ್ಟರು ಕೌನ್ಸಿಲರುಗಳಾಗುತ್ತಿದ್ದ ಸಭೆಗಳಲ್ಲಿ ಪಕ್ಷಕ್ಕಿಂತ ಕೇರಿ ಮುಖ್ಯ. ತಮ್ಮ ವಾರ್ಡಿಗೆ ಒಂದು ಬೀದಿನಲ್ಲಿ ಹಾಕಿಸಿದ ಸದಸ್ಯ ಮುಂದಿನ ಚುನಾವಣೆಗೆ ಅದನ್ನೇ ಹೇಳಿಕೊಂಡು ಹೋಗುತ್ತಿದ್ದ. ಅವರ ಮೇಲೊಂದು ಕಣ್ಣೂ ಇತ್ತು. ಜಿಲ್ಲಾಧಿಕಾರಿ ನಿರ್ಣಯವನ್ನು ತಡೆಹಿಡಿಯಬಹುದಿತ್ತು. ಸರ್ಕಾರ ಇಡೀ ಕೌನ್ಸಿಲನ್ನೇ ಸೂಪರ್‌ಸೀಡ್ ಮಾಡಿ ಆಡಳಿತಾಧಿಕಾರಿಯನ್ನು ತಂದು ಕೂರಿಸಬಹುದಿತ್ತು.

ಮಾಡಲೇಬೇಕಾದದ್ದು, ಮಾಡಬಹುದಾದದ್ದು

ಕಾನೂನು ಪುರಸಭೆಯ ಕೆಲಸಗಳನ್ನು ಎರಡು ಪಾಲು ಮಾಡಿತ್ತು. ಬೀದಿದೀಪ, ಕಸ ತೆಗೆಯುವುದು, ಚರಂಡಿ, ಕುಡಿಯುವ ನೀರು, ಮಾರುಕಟ್ಟೆ, ಕಸಾಯಿಖಾನೆ, ಸ್ಮಶಾನ, ಬೆಂಕಿ ಆರಿಸುವುದು, ದೇವಿ ಹಾಕಿಸುವುದು, ಜನನ ಮರಣ ನೋಂದಣಿ ಕಡ್ಡಾಯದ ಪಾಲಿಗೆ ಸೇರಿದವು. ಉದ್ಯಾನ, ವಾಚನಾಲಯ, ತಂಗುಮನೆ, ಸಾಲುಮರ ಐಚ್ಛಿಕ.

ವಿದ್ಯುತ್ ದೀಪ ಬೆಂಗಳೂರಿನ ಬೀದಿಗೆ 1905ರಲ್ಲೇ ಬಂದಿತ್ತು. ಸಣ್ಣ ಊರುಗಳು ದಶಕಗಟ್ಟಲೆ ಕಾಯಬೇಕಾಯಿತು. ಜೋಗದ ವಿದ್ಯುತ್ ಉತ್ಪಾದನೆ ಶುರುವಾದದ್ದೇ 1948ರಲ್ಲಿ. ಅಲ್ಲಿಯವರೆಗೆ ಸಂಜೆಯಾದರೆ ಏಣಿ ಹೊತ್ತು ಬರುವ ದೀಪದವನು ಗಾಜು ಒರೆಸಿ, ಸೀಮೆಎಣ್ಣೆ ಹಾಕಿ, ಬತ್ತಿ ಹಚ್ಚಿ ಹೋಗಬೇಕು. ಬೆಳದಿಂಗಳ ರಾತ್ರಿಗಳಲ್ಲಿ ದೀಪ ಹಚ್ಚದೆ ಎಣ್ಣೆ ಉಳಿಸುವುದೂ ಇತ್ತು. ಮೋಡ ಕವಿದ ಹುಣ್ಣಿಮೆಯಂದು ಊರೆಲ್ಲ ಕತ್ತಲೆ.

ಐಚ್ಛಿಕ ಕೆಲಸಗಳಲ್ಲೂ ಊರುಗಳು ಹಿಂದೆ ಬೀಳಲಿಲ್ಲ. ಮೈಸೂರು ಸೀಮೆಯಲ್ಲಿ 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಊರಿನ ಅಂದಚೆಂದದ ವಿಷಯದಲ್ಲಿ ಹಠವಾದಿ. ಉದ್ಯಾನ, ವೃತ್ತಗಳ ಗೀಳು ಅವರಿಂದ ಪಟ್ಟಣಗಳಿಗೂ ಅಂಟಿತು. ಸಂಜೆ ಹೊತ್ತು ಪಾರ್ಕಿನಲ್ಲಿ ಧ್ವನಿವರ್ಧಕದಿಂದ ರೇಡಿಯೊ ಕೇಳಿಸುವ ಏರ್ಪಾಡೂ ಹಲವು ಕಡೆ ಇತ್ತು. ಬಳ್ಳಾರಿಯಲ್ಲಿ ‘ರೇಡಿಯೊ ಪಾರ್ಕ್’ ಎಂಬ ಹೆಸರು ಇಂದಿಗೂ ಉಳಿದಿದೆ. ಮುಂಬಯಿ ಕರ್ನಾಟಕದ ದೊಡ್ಡ ಊರುಗಳಲ್ಲಿ ಪ್ರಾಥಮಿಕ ಶಾಲೆಗಳನ್ನು ನಡೆಸಿದ್ದು ಮುನಿಸಿಪಲ್ ಶಾಲಾ ಮಂಡಳಿಗಳು. ಹುಬ್ಬಳ್ಳಿ, ಧಾರವಾಡದ ಹಳೆಯ ಶಾಲೆಗಳನ್ನು ಜನ ಈಗಲೂ ನಂಬರಿನಿಂದ ಗುರುತಿಸುವುದುಂಟು.

ಸ್ವಾತಂತ್ರ್ಯದ ಬೆನ್ನಿಗೆ ಎಲ್ಲ ಕೌನ್ಸಿಲುಗಳಿಗೂ ಹಿಡಿದ ಒಂದು ಉತ್ಸಾಹವೆಂದರೆ ಬೀದಿಗಳಿಗೆ ಹೊಸ ಹೆಸರಿಡುವುದು. ಗಾಂಧಿ ಬಜಾರ್, ನೆಹರೂ ರಸ್ತೆ ಇಲ್ಲದ ಊರು ಹುಡುಕುವುದು ಕಷ್ಟ. ಆರ್.ಕೆ. ನಾರಾಯಣ್ ಅವರ ‘ಲಾಲಿ ರೋಡ್’ ಕಥೆಯ ವಸ್ತುವೇ ಇದು. ದೇಶಪ್ರೇಮದ ಭರದಲ್ಲಿ ಮಾಲ್ಗುಡಿಯ ಮುನಿಸಿಪಾಲಿಟಿ ಆಂಗ್ಲನ ಪ್ರತಿಮೆಯೊಂದನ್ನು ಕೀಳಿಸುತ್ತದೆ. ಆಮೇಲೆ ಗೊತ್ತಾಗುತ್ತದೆ, ಅವನು ಬೇರೆ ಲಾಲಿ, ಒಳ್ಳೆಯವನು ಎಂದು. ಕಥೆ ಕಲ್ಪಿತ, ಕೌನ್ಸಿಲಿನ ಸ್ವಭಾವ ಮಾತ್ರ ಅಪ್ಪಟ ನಿಜ.

ದುಡ್ಡು ಬರುತ್ತಿದ್ದ ದಾರಿ

ಮನೆಗಂದಾಯ, ನೀರಿನ ಕಂದಾಯ, ಅಂಗಡಿ ಬಾಡಿಗೆ, ಜಟಕಾ ಮತ್ತು ಎತ್ತಿನ ಗಾಡಿ ಲೈಸೆನ್ಸು, ಸೈಕಲ್ ತೆರಿಗೆ. ಸೈಕಲ್ಲಿಗೆ ವರ್ಷ ವರ್ಷ ತಗಡಿನ ಬಿಲ್ಲೆ ಹೊಡೆಸಿಕೊಳ್ಳದೆ ಓಡಿಸಿದರೆ ದಂಡ. ಬೀಡಾಡಿ ದನಗಳನ್ನು ದೊಡ್ಡಿಗೆ ಹೊಡೆದರೆ ಬಿಡಿಸಿಕೊಳ್ಳಲು ಒಡೆಯ ದುಡ್ಡು ಕಟ್ಟಬೇಕು. ಸಂತೆ ಸುಂಕ ಎತ್ತುವ ಹಕ್ಕು, ರಸ್ತೆ ಬದಿಯ ಹುಣಸೆ ಮರಗಳ ಫಲ, ಪುರಸಭೆ ಜಾಗದ ಹುಲ್ಲು ಹರಾಜಿಗೆ. ಕೂಗಿದ ಬೆಲೆ ಸಾಲದೆಂದು ಮರುಹರಾಜು ಮಾಡಿಸುವುದೂ ಸಭೆಯ ಮಾಮೂಲಿ ಕೆಲಸವೇ.

ಇವೆಲ್ಲಕ್ಕಿಂತ ದೊಡ್ಡ ಬಾಬು ಊರೊಳಗೆ ಬರುವ ಸರಕಿನ ಮೇಲಿನ ಸುಂಕ. ಮೈಸೂರು ಕಡೆ ಆಕ್ಟ್ರಾಯ್, ಉತ್ತರದಲ್ಲಿ ಜಕಾತಿ. ಊರಿನ ಪ್ರತಿ ಹೆಬ್ಬಾಗಿಲ ರಸ್ತೆಗೂ ಅಡ್ಡಗೋಲಿನ ಒಂದು ನಾಕಾ, ಅಲ್ಲೊಬ್ಬ ಗುಮಾಸ್ತ, ಅವನ ಕೈಯಲ್ಲಿ ದರಪಟ್ಟಿ. ಅಕ್ಕಿ, ಬೆಲ್ಲ, ತುಪ್ಪ, ಬಟ್ಟೆ, ಸೌದೆ ಒಂದೊಂದಕ್ಕೂ ಒಂದೊಂದು ದರ. ಊರು ದಾಟಿ ಮುಂದೆ ಹೋಗುವ ಸರಕಾದರೆ ಈ ನಾಕಾದಲ್ಲಿ ಚೀಟಿ ಬರೆಸಿ ಆ ಕಡೆಯ ನಾಕಾದಲ್ಲಿ ತೋರಿಸಬೇಕು. ರಾತ್ರಿ ಬಂದ ಗಾಡಿಗಳ ಸಾಲು, ಮೂಟೆ ಬಿಚ್ಚಿಸಿ ನೋಡುವ ಕಿರುಕುಳ, ಕಳ್ಳದಾರಿ ಹಿಡಿದ ಗಾಡಿಗಳನ್ನು ಅಟ್ಟಿಸಿಕೊಂಡು ಹೋಗುವ ಜವಾನರು, ಇವೆಲ್ಲ ನಾಕಾದ ನಿತ್ಯದ ನೋಟ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಅಲ್ಲಿ ದಿನವೂ ನಿಜವಾಗುತ್ತಿತ್ತು. ಜಕಾತಿಯನ್ನು ಶಪಿಸದ ವ್ಯಾಪಾರಿ ಇರಲಿಲ್ಲ. ಆದರೆ ಬೀದಿದೀಪದ ಎಣ್ಣೆಗೆ, ನೌಕರರ ಸಂಬಳಕ್ಕೆ ಪ್ರತಿದಿನ ನಗದು ತಂದುಕೊಡುತ್ತಿದ್ದದ್ದು ಅದೇ.

ಈ ದರಪಟ್ಟಿಗಳನ್ನೆಲ್ಲ ತಿರುಗಿ ಬರೆಯಬೇಕಾದ ಕಾಲವೂ ಬಂತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾಪೈಸೆ. ಅಲ್ಲಿಯವರೆಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ಒಂದಾಣೆಗೆ ಆರೂಕಾಲು ನಯಾಪೈಸೆ, ಆ ಕಾಲು ಯಾರದು? ಮನೆಗಂದಾಯದ ಸಾವಿರಾರು ಬಾಬುಗಳಲ್ಲಿ ಈ ಪ್ರಶ್ನೆ ಬಿಡಿಸಬೇಕಾಯಿತು. ಮರುವರ್ಷದಿಂದ ಮೆಟ್ರಿಕ್ ಅಳತೆ ಬಂದು ಮಣ, ಸೇರುಗಳ ಲೆಕ್ಕ ಕಿಲೋಗ್ರಾಮಿಗೆ ತಿರುಗಿತು. ದೇಶದ ದೊಡ್ಡ ಸುಧಾರಣೆಯೊಂದು ಊರಿನ ಗುಮಾಸ್ತನಿಗೆ ಒಂದಿಡೀ ಕಡತದ ಕೆಲಸವಾಗಿತ್ತು.

ನಡಾವಳಿಯಲ್ಲಿ ಹೆಸರಿಲ್ಲದವರು

ಹಳೆಯ ಪುರಸಭೆಯನ್ನು ಹಾಡಿ ಹೊಗಳುವವರು ಒಂದು ಪುಟವನ್ನು ಹಾರಿಸಿಬಿಡುತ್ತಾರೆ. ಒಳಚರಂಡಿ ಇಲ್ಲದ ಊರಿನ ಪಾಯಿಖಾನೆಗಳನ್ನು ಬೆಳಗಾಗುವ ಮುನ್ನ ಹಿಂದಿನ ಓಣಿಯಿಂದ ಬಂದು ಬಳಿದು, ಬುಟ್ಟಿ, ಡಬ್ಬಗಳಲ್ಲಿ ತಲೆಯ ಮೇಲೆ ಹೊತ್ತೊಯ್ಯುತ್ತಿದ್ದವರು ದಲಿತ ಜಾತಿಗಳ ಗಂಡಸರು, ಹೆಂಗಸರು. ನಡಾವಳಿಯಲ್ಲಿ ಅವರು ಬರುವುದು ಸಿಬ್ಬಂದಿ ವೆಚ್ಚದ ಅಂಕಿಯಾಗಿ, ಇಲ್ಲವೇ ಗೈರುಹಾಜರಿಯ ದಂಡವಾಗಿ. ಕೌನ್ಸಿಲಿನಲ್ಲಿ ಕುಳಿತವರ ಮನೆಗಳನ್ನು ಶುಚಿಯಾಗಿಟ್ಟವರಿಗೆ ಆ ಮನೆಗಳ ಮುಂಬಾಗಿಲಿಗೆ ಬರುವ ಹಾಗಿರಲಿಲ್ಲ.

ಆ ಹೊಲಸಿನಿಂದಲೂ ಪುರಸಭೆಗೆ ಆದಾಯವಿತ್ತು. ಊರ ಕಸ ಮತ್ತು ಮಲವನ್ನು ಗುಂಡಿಗಳಲ್ಲಿ ಪದರ ಪದರವಾಗಿ ತುಂಬಿ, ಮಣ್ಣು ಮುಚ್ಚಿ, ನಾಲ್ಕಾರು ತಿಂಗಳಲ್ಲಿ ಗೊಬ್ಬರ ಮಾಡುವ ವಿಧಾನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ 1939ರ ಹೊತ್ತಿಗೆ ರೂಪಿಸಿದ್ದರು. ‘ಬೆಂಗಳೂರು ವಿಧಾನ’ ಎಂದೇ ಅದು ಪಠ್ಯಪುಸ್ತಕಗಳಲ್ಲಿ ನಿಂತಿದೆ. ಪುರಸಭೆಗಳು ಆ ಕಾಂಪೋಸ್ಟನ್ನು ಗಾಡಿ ಲೆಕ್ಕದಲ್ಲಿ ರೈತರಿಗೆ ಮಾರಿದವು. ಗುಂಡಿ ತುಂಬಿದವರ ಕೂಲಿ ಅದರಿಂದ ಹೆಚ್ಚಲಿಲ್ಲ.

ಮುಂಬಯಿ ಸರ್ಕಾರ 1949ರಲ್ಲಿ ಬರ್ವೆ ಸಮಿತಿಯನ್ನು, ಕೇಂದ್ರ ಸರ್ಕಾರ 1957ರಲ್ಲಿ ಮಲ್ಕಾನಿ ಸಮಿತಿಯನ್ನು ಈ ಕೆಲಸಗಾರರ ಸ್ಥಿತಿ ತಿಳಿಯಲೆಂದೇ ನೇಮಿಸಿದವು. ವರದಿಗಳು ಬಂದವು, ಬುಟ್ಟಿ ತಲೆಯಿಂದ ಇಳಿಯಲಿಲ್ಲ. 1968ರಲ್ಲಿ ಡಾ. ವಿ.ಎಸ್. ಆಚಾರ್ಯ ಅಧ್ಯಕ್ಷರಾದ ಮೇಲೆ ಉಡುಪಿ ಪುರಸಭೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿ ದೇಶದ ಗಮನ ಸೆಳೆಯಿತು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸಂಪುಟದ ಪೌರಾಡಳಿತ ಸಚಿವ ಬಿ. ಬಸವಲಿಂಗಪ್ಪ ರಾಜ್ಯದಲ್ಲೆಲ್ಲ ಅದನ್ನು ನಿಷೇಧಿಸಿದರು. ಒಂದು ನಿರ್ಣಯದಿಂದ ಆಗಬಹುದಾಗಿದ್ದ ಕೆಲಸಕ್ಕೆ ಸ್ವತಂತ್ರ ದೇಶ ಎರಡು ದಶಕಕ್ಕೂ ಹೆಚ್ಚು ಕಾಲ ತೆಗೆದುಕೊಂಡಿತು. ಪುರಸಭೆಗಳ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಕಳಂಕ ಇನ್ನೊಂದಿಲ್ಲ.

ಜಕಾತಿ ಹೋದ ಮೇಲೆ

ಕರ್ನಾಟಕ 1979ರಲ್ಲಿ ಆಕ್ಟ್ರಾಯ್ ರದ್ದು ಮಾಡಿತು. ನಾಕಾಗಳು ಮುಚ್ಚಿದವು, ಲಾರಿಗಳು ಸರಾಗ ಓಡಿದವು, ವ್ಯಾಪಾರಿಗಳು ಸಂತೋಷಪಟ್ಟರು. ಅದರ ಬದಲಿಗೆ ಸರ್ಕಾರ ಪರಿಹಾರ ಕೊಡುವ ಏರ್ಪಾಡಾಯಿತು. ತನ್ನ ಊರಿನ ಬಾಗಿಲಲ್ಲೇ ದಿನವೂ ದುಡಿದುಕೊಳ್ಳುತ್ತಿದ್ದ ಪುರಸಭೆ ಅಂದಿನಿಂದ ಬೆಂಗಳೂರಿನ ಅನುದಾನಕ್ಕೆ ಕಾಯುವ ಕಚೇರಿಯಾಯಿತು. ಚುನಾವಣೆಗಳನ್ನು ವರ್ಷಗಟ್ಟಲೆ ಮುಂದೂಡಿ ಆಡಳಿತಾಧಿಕಾರಿಗಳಿಂದಲೇ ಊರು ನಡೆಸಿದ ಕಾಲವೂ ಇತ್ತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಐದು ವರ್ಷದ ಅವಧಿಯನ್ನು ಖಚಿತಪಡಿಸಿತು, ಹದಿನೆಂಟು ವಿಷಯಗಳ ಪಟ್ಟಿಯನ್ನೂ ಕೊಟ್ಟಿತು. ಆದಾಯದ ಸ್ವಾತಂತ್ರ್ಯವನ್ನು ಮಾತ್ರ ಮರಳಿ ಕೊಡಲಿಲ್ಲ. ಮೂಟೆ ಬಿಚ್ಚಿಸುವ ನಾಕಾ ಯಾರಿಗೂ ಬೇಕಿಲ್ಲ, ಸರಿ. ಆದರೆ ಸ್ವಂತ ದುಡಿಮೆಯಿಲ್ಲದ ಪುರಸಭೆಗೆ ಸ್ವಂತ ಮಾತೂ ಇರುವುದಿಲ್ಲ.

ಆ ಕಾಲದ ನಡಾವಳಿ ಪುಸ್ತಕಗಳು ಇಂದು ಎಷ್ಟೋ ಕಚೇರಿಗಳ ಹಿಂದಿನ ಕೋಣೆಯಲ್ಲಿ ಗೆದ್ದಲಿನ ಪಾಲಾಗುತ್ತಿವೆ. ಒಂದು ಊರಿಗೆ ನೀರು ಯಾವಾಗ ಬಂತು, ಯಾವ ಕೇರಿಗೆ ಮೊದಲು, ಯಾವ ಕೇರಿಗೆ ಕೊನೆಗೆ ಎಂಬುದು ಇಷ್ಟು ನೇರವಾಗಿ ಇನ್ನೆಲ್ಲೂ ಸಿಗುವುದು ಕಷ್ಟ. ಸ್ಥಳೀಯ ಕಾಲೇಜುಗಳ ಇತಿಹಾಸ ವಿಭಾಗಗಳು, ರಾಜ್ಯ ಪತ್ರಾಗಾರ ಇಲಾಖೆ, ಪುರಸಭೆಗಳು ಕೂಡಿ ಇವನ್ನು ಸ್ಕ್ಯಾನ್ ಮಾಡಿಸಿ ಇಡಬೇಕು. ಅದು ಆಗುವವರೆಗೆ ಕಾಯಬೇಕಿಲ್ಲ. ನಿಮ್ಮ ಊರಿನ ಪುರಸಭೆಗೆ ಹೋಗಿ 1950ರ ದಶಕದ ನಡಾವಳಿ ಪುಸ್ತಕ ಇದೆಯೇ ಎಂದು ಕೇಳಿ. ಕೇಳುವವರಿದ್ದಾರೆ ಎಂದು ಗೊತ್ತಾದರೆ ಅವನ್ನು ರದ್ದಿಗೆ ಹಾಕಲು ಕಚೇರಿಯವರೂ ಹಿಂದೆಮುಂದೆ ನೋಡುತ್ತಾರೆ.