ಎರೆ ಸೀಮೆಯ ದೂಳು, ಪುಟ್ಟ ವಿಮಾನದ ಫಿಲ್ಟರು

ಹಿಂಗಾರಿ ಕಡಲೆಯ ರಾಶಿ ಶುರುವಾಯಿತೆಂದರೆ ರೋಣ, ನರಗುಂದದ ಎರೆ ಹೊಲಗಳ ಮೇಲೆ ನುಣ್ಣನೆಯ ದೂಳು ಏಳುತ್ತದೆ. ಗಜೇಂದ್ರಗಡದ ಗುಡ್ಡದ ಕಡೆ ಹೋದರೆ ಗಾಳಿಗೂ ಬರವಿಲ್ಲ. ಟ್ರ್ಯಾಕ್ಟರಿನ ಬಾನೆಟ್ಟು, ಔಷಧ ಹೊಡೆಯುವ ಪವರ್ ಸ್ಪ್ರೇಯರು, ಮೂಲೆಯಲ್ಲಿಟ್ಟ ಪೆಟ್ರೋಲ್ ಕ್ಯಾನಿನ ಮುಚ್ಚಳ, ಎಲ್ಲದರ ಮೇಲೂ ಅದು ಕೂತಿರುತ್ತದೆ. ಮುಚ್ಚಳ ತಿರುವಿ ಎಣ್ಣೆ ಸುರಿಯುವ ಆ ಅರೆ ನಿಮಿಷದಲ್ಲೇ ಅದರಲ್ಲೊಂದು ಚಿಟಿಕೆ ಒಳಗೆ ಇಳಿದಿರುತ್ತದೆ.

ಎಂಜಿನ್ ಹಾಕಿದ ಮಾದರಿ ವಿಮಾನ ಹಾರಿಸುವವರು ಈ ಚಿಟಿಕೆ ದೂಳಿಗೆ ಹೆದರಬೇಕು. ಎನ್‌ಸಿಸಿಯ ವಾಯುದಳ ವಿಭಾಗದಲ್ಲಿ ಏರೋಮಾಡೆಲಿಂಗ್ ಕಲಿತವರಿಗೆ ಆ ಎಂಜಿನ್ನಿನ ಪರಿಚಯ ಇರುತ್ತದೆ. ಉಳಿದವರು ಸ್ಪ್ರೇಯರಿನ ಟೂ-ಸ್ಟ್ರೋಕ್ ಎಂಜಿನ್ ನೆನೆಸಿಕೊಂಡರೆ ಸಾಕು, ಇದು ಅದರ ತಮ್ಮ. ಸ್ಪ್ರೇಯರು ಕುಡಿಯುವುದು ಲೀಟರಿಗೆ 20ರಿಂದ 40 ಮಿ.ಲೀ. ಟೂಟಿ ಆಯಿಲ್ ಬೆರೆಸಿದ ಪೆಟ್ರೋಲನ್ನು. ವಿಮಾನದ ಗ್ಲೋ ಎಂಜಿನ್ ಕುಡಿಯುವುದು ಮೆಥನಾಲು, ಹರಳೆಣ್ಣೆ ಅಥವಾ ಸಿಂಥೆಟಿಕ್ ಎಣ್ಣೆ, ಜೊತೆಗೆ ತುಸು ನೈಟ್ರೊಮೀಥೇನ್. 7.5 ಸಿಸಿಯ ಎಂಜಿನ್ ಪೂರ್ತಿ ವೇಗದಲ್ಲಿ ನಿಮಿಷಕ್ಕೆ ಸುಮಾರು 25ರಿಂದ 30 ಮಿ.ಲೀ. ಇಂಧನ ಎಳೆಯುತ್ತದೆ. ಅಷ್ಟೂ ಇಂಧನ ನೀಡಲ್ ವಾಲ್ವಿನ ಸೂಜಿಯ ಸುತ್ತ ಇರುವ ಉಂಗುರದಂಥ ಸಂದಿಯಲ್ಲೇ ಹಾಯಬೇಕು. ಆ ಸಂದಿಯ ಅಗಲ ಹೆಚ್ಚುಕಡಿಮೆ ತಲೆಗೂದಲಿನ ದಪ್ಪದಷ್ಟು.

ಅಲ್ಲೊಂದು ಮರಳಿನ ಕಣ ಸಿಕ್ಕಿಕೊಂಡರೆ ಇಂಧನ ಕಡಿಮೆಯಾಗಿ ಗಾಳಿಯ ಪಾಲು ಹೆಚ್ಚುತ್ತದೆ. ಎಂಜಿನ್ ಮೊದಲು ಕಿರುಚಿದಂತೆ ಜೋರಾಗುತ್ತದೆ, ಆಮೇಲೆ ಸೊರಗಿ ನಿಲ್ಲುತ್ತದೆ. ಟೂ-ಸ್ಟ್ರೋಕಿನಲ್ಲಿ ಕೀಲೆಣ್ಣೆ ಬರುವುದೂ ಇಂಧನದ ಜೊತೆಗೇ. ಹಾಗಾಗಿ ಇಂಧನ ಕಡಿಮೆಯಾದರೆ ಪಿಸ್ಟನ್ನಿಗೆ ಎಣ್ಣೆಯೂ ಕಡಿಮೆ. ಆವಿಯಾಗುತ್ತ ಎಂಜಿನ್ನನ್ನು ತಂಪಾಗಿಡುವ ಮೆಥನಾಲೂ ಕಡಿಮೆ. ಹೊಲದಲ್ಲಿ ಸ್ಪ್ರೇಯರು ನಿಂತರೆ ಕೆಳಗಿಳಿಸಿ ನೋಡಬಹುದು. ನೂರಡಿ ಎತ್ತರದಲ್ಲಿರುವ ವಿಮಾನಕ್ಕೆ ಆ ಅನುಕೂಲವಿಲ್ಲ.

ಹಾಗಾದರೆ ಎಲ್ಲಕ್ಕಿಂತ ಸಣ್ಣ ಜಾಳಿಗೆಯ ಫಿಲ್ಟರ್ ತಂದು ಹಾಕಿದರಾಯಿತೆ? ಇಲ್ಲ, ಇಲ್ಲಿ ಎರೆ ಮಣ್ಣಿನ ಗುಣ ಗೊತ್ತಿರಬೇಕು. ಈ ಮಣ್ಣಿನ ಹೆಚ್ಚಿನ ಪಾಲು ಜೇಡಿ. ಜೇಡಿಯ ಕಣ 2 ಮೈಕ್ರಾನಿಗಿಂತ ಸಣ್ಣದು, ಎಂದರೆ ಮಿಲಿಮೀಟರಿನ ಐನೂರನೇ ಒಂದು ಭಾಗಕ್ಕಿಂತ ಕಿರಿದು. ಅದನ್ನು ತಡೆಯುವಷ್ಟು ಸಣ್ಣ ರಂಧ್ರದ ಚಿಕ್ಕ ಫಿಲ್ಟರನ್ನು ವಿಮಾನಕ್ಕೆ ಹಾಕಿದರೆ ಎಣ್ಣೆ ಬೆರೆತ ಮಂದ ಇಂಧನವೇ ಸರಾಗವಾಗಿ ಹಾಯುವುದಿಲ್ಲ. ಬಿಡಿ ಜೇಡಿ ಕಣವೇನೋ ಸೂಜಿಯ ಸಂದಿಯಲ್ಲಿ ನುಸುಳಿ ಹೋಗುತ್ತದೆ. ಸಿಕ್ಕಿಕೊಳ್ಳುವುದು ಮರಳು, ಜೇಡಿಯ ಹೆಂಟೆ, ಕ್ಯಾನಿನ ಪ್ಲಾಸ್ಟಿಕ್ ಚೂರು, ಬಟ್ಟೆಯ ಎಳೆ. ಆದ್ದರಿಂದ ಫಿಲ್ಟರ್ ಕೊಳ್ಳುವಾಗ ರಂಧ್ರ ಎಷ್ಟು ಸಣ್ಣದು ಎನ್ನುವುದಕ್ಕಿಂತ ಒಳಗಿನ ಜಾಳಿಗೆಯ ಹರವು ಎಷ್ಟಿದೆ ಎಂದು ನೋಡಬೇಕು. ಹರವು ದೊಡ್ಡದಿದ್ದರೆ ಅರ್ಧ ಕಟ್ಟಿಕೊಂಡರೂ ಉಳಿದರ್ಧದಲ್ಲಿ ಇಂಧನ ಹರಿಯುತ್ತದೆ.

ಬಟ್ಟೆಯ ಎಳೆಯ ಬಗ್ಗೆ ಒಂದು ಮಾತು. ಹಳೆಯ ಪಂಚೆಯ ತುಂಡಿನಲ್ಲಿ ಪೆಟ್ರೋಲ್ ಸೋಸುವ ರೂಢಿ ನಮ್ಮಲ್ಲಿದೆ. ಮಣ್ಣೇನೋ ನಿಲ್ಲುತ್ತದೆ, ಆದರೆ ಸವೆದ ನೂಲಿನ ಎಳೆಗಳು ಕಳಚಿಕೊಂಡು ಬರುತ್ತವೆ. ಎಳೆ ಉದ್ದವಿದ್ದರೂ ತೆಳ್ಳಗೆ. ಜಾಳಿಗೆಯ ರಂಧ್ರದಲ್ಲಿ ತುದಿ ಮುಂದಾಗಿ ತೂರಿಹೋಗಿ ಸೂಜಿಗೆ ಸುತ್ತಿಕೊಳ್ಳುತ್ತದೆ. ಸ್ಟೀಲ್ ಅಥವಾ ನೈಲಾನ್ ಜಾಳಿಗೆಯ ಆಲಿಕೆಯೇ ಒಳ್ಳೆಯದು.

ಸೋಸುವುದಕ್ಕೂ ಮೊದಲು ಖರ್ಚಿಲ್ಲದ ಇನ್ನೊಂದು ಉಪಾಯವಿದೆ, ತಂಗಲು ಬಿಡುವುದು. ದ್ರವದಲ್ಲಿ ಕಣ ಇಳಿಯುವ ವೇಗ ಅದರ ಅಡ್ಡಳತೆಯ ವರ್ಗವನ್ನು ಅನುಸರಿಸುತ್ತದೆ ಎಂದು 19ನೇ ಶತಮಾನದಲ್ಲಿ ಜಾರ್ಜ್ ಸ್ಟೋಕ್ಸ್ ಲೆಕ್ಕ ಹಾಕಿ ತೋರಿಸಿದ. ಆ ಸೂತ್ರವನ್ನು ಪೆಟ್ರೋಲಿಗೆ ಹಚ್ಚಿದರೆ 50 ಮೈಕ್ರಾನಿನ ಮರಳಿನ ಕಣ 10 ಸೆಂ.ಮೀ. ಇಳಿಯಲು ಅರೆ ನಿಮಿಷವೂ ಬೇಡ. 2 ಮೈಕ್ರಾನಿನ ಜೇಡಿಗೆ ಸುಮಾರು ನಾಲ್ಕು ತಾಸು ಬೇಕು. ಎಣ್ಣೆ ಬೆರೆತ ಮೆಥನಾಲು ಇನ್ನೂ ಮಂದ, ಅದಕ್ಕೆ ಇನ್ನೂ ಹೆಚ್ಚು ಹೊತ್ತು. ಕ್ಯಾನನ್ನು ರಾತ್ರಿಯಿಡೀ ಅಲುಗಾಡಿಸದೆ ಇಟ್ಟು, ಬೆಳಿಗ್ಗೆ ಮೇಲಿನದನ್ನಷ್ಟೇ ಬಗ್ಗಿಸಿಕೊಂಡು, ತಳದ ಎರಡು ಬೆರಳಷ್ಟನ್ನು ಬಿಟ್ಟರೆ ಫಿಲ್ಟರಿನ ಕೆಲಸ ಬಹುಪಾಲು ಮುಗಿದಂತೆಯೇ.

ಇನ್ನು ಫಿಲ್ಟರಿನ ಜಾಗ. ಕ್ಯಾನಿನಿಂದ ಟ್ಯಾಂಕಿಗೆ ತುಂಬುವ ಕೊಳವೆಯಲ್ಲಿ ಒಂದು ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಸ ಟ್ಯಾಂಕಿಗೇ ಇಳಿಯದಂತೆ ನೋಡಿಕೊಳ್ಳುವುದು ಅದೊಂದೇ. ಟ್ಯಾಂಕು ಮತ್ತು ಕಾರ್ಬ್ಯುರೇಟರಿನ ನಡುವೆ ಎರಡನೆಯದನ್ನು ಹಾಕಬಹುದು, ಆದರೆ ಅದರ ಮೂಲಕವೇ ಹಿಮ್ಮುಖವಾಗಿ ಟ್ಯಾಂಕ್ ತುಂಬಬಾರದು. ತುಂಬಿದರೆ ಜಾಳಿಗೆಗೆ ಅಂಟಿದ ಕಸವೆಲ್ಲ ತೊಳೆದುಕೊಂಡು ಟ್ಯಾಂಕಿಗೇ ವಾಪಸಾಗುತ್ತದೆ. ಟ್ಯಾಂಕಿನೊಳಗೆ ಮೆದು ಕೊಳವೆಯ ತುದಿಯಲ್ಲಿ ತೂಗುವ ಗುಂಡು ಮೂರನೆಯ ಜಾಗ. ವಿಮಾನ ಮಗುಚಿದರೂ ಅದು ಇಂಧನವಿದ್ದ ಕಡೆಗೇ ಜಾರುತ್ತದೆ. ಪೆಟ್ರೋಲ್ ಎಂಜಿನ್ನಿನ ವಿಮಾನಗಳಲ್ಲಿ ಈ ಗುಂಡೇ ಫೆಲ್ಟ್ ಹೊದ್ದ ಫಿಲ್ಟರ್ ಆಗಿರುತ್ತದೆ. ಬ್ರಷ್ ಕಟರಿನ ಟ್ಯಾಂಕ್ ಬಿಚ್ಚಿದವರು ಇದನ್ನು ಕಂಡಿರುತ್ತಾರೆ.

ಬಿಚ್ಚಿ ತೊಳೆಯುವ ಫಿಲ್ಟರಿನ ನಡುವೆ ತಿರುಪೂ ರಬ್ಬರ್ ಉಂಗುರವೂ ಇರುತ್ತವೆ. ಆ ಉಂಗುರ ಒಣಗಿ ಬಿರಿದರೆ ಎಂಜಿನ್ ಇಂಧನದ ಜೊತೆ ಗಾಳಿಯನ್ನೂ ಹೀರುತ್ತದೆ. ಕಸ ಕಟ್ಟಿದಾಗಿನ ಲಕ್ಷಣವೇ ಇಲ್ಲೂ ಕಾಣುವುದರಿಂದ ಜನ ಸೂಜಿ ತಿರುವಿ ತಿರುವಿ ಬೇಸತ್ತು ಹೋಗುತ್ತಾರೆ. ಪರೀಕ್ಷೆ ಸುಲಭ. ಫಿಲ್ಟರಿನ ಒಂದು ಬಾಯಿಯನ್ನು ಬೆರಳಿನಿಂದ ಮುಚ್ಚಿ, ಇನ್ನೊಂದಕ್ಕೆ ಕೊಳವೆ ಸಿಕ್ಕಿಸಿ, ನೀರಿನ ಬಟ್ಟಲಲ್ಲಿ ಮುಳುಗಿಸಿ ಸಿರಿಂಜಿನಿಂದ ಗಾಳಿ ಒತ್ತಬೇಕು. ತಿರುಪಿನ ಸುತ್ತ ಗುಳ್ಳೆ ಎದ್ದರೆ ಉಂಗುರ ಬದಲಿಸಬೇಕು. ಪರೀಕ್ಷೆ ಮುಗಿದ ಮೇಲೆ ಫಿಲ್ಟರನ್ನು ಪೂರ್ತಿ ಒಣಗಿಸಿಯೇ ಮತ್ತೆ ಜೋಡಿಸಬೇಕು.

ಕೊಳವೆಯೂ ಇಂಧನಕ್ಕೆ ಹೊಂದಬೇಕು. ಸಿಲಿಕೋನ್ ಕೊಳವೆ ಮೆಥನಾಲಿಗೆ ಸರಿ, ಪೆಟ್ರೋಲಿನಲ್ಲಿ ಉಬ್ಬಿ ಸಡಿಲಾಗುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಮೆಥನಾಲಿನಂತೆ ಅದೂ ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎಥನಾಲೂ ನೀರೂ ಸೇರಿ ಬೇರೆಯಾಗಿ ತಳದಲ್ಲಿ ನಿಲ್ಲುತ್ತವೆ, ಗುಂಡು ಅದನ್ನೇ ಹೀರುತ್ತದೆ. ಜಾಳಿಗೆ ಮಣ್ಣನ್ನು ತಡೆಯಬಹುದು, ಇಂಧನದಲ್ಲಿ ಕರಗಿದ ನೀರನ್ನಲ್ಲ. ಕ್ಯಾನಿನ ಮುಚ್ಚಳ ಬಿಗಿಯಾಗಿರಬೇಕು, ಹಳೆಯ ಇಂಧನವನ್ನು ತಿಂಗಳುಗಟ್ಟಲೆ ಇಡಬಾರದು.

ಹಾರಾಟ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಉಳಿದದ್ದನ್ನು ಎಂಜಿನ್ ಓಡಿಸಿಯೇ ಮುಗಿಸಬೇಕು. ಮೆಥನಾಲು ಆರಿಹೋದರೆ ಹರಳೆಣ್ಣೆ ಜಾಳಿಗೆಯ ಮೇಲೆ ಅಂಟಾಗಿ ಗಟ್ಟಿಯಾಗುತ್ತದೆ, ಮತ್ತೆ ಮೆಥನಾಲಿನಲ್ಲೇ ನೆನೆಹಾಕಿ ಬಿಡಿಸಬೇಕಾಗುತ್ತದೆ. ಬರಿದು ಮಾಡುವಾಗ ಪೆಟ್ರೋಲ್ ಎಳೆದಂತೆ ಪೈಪಿಗೆ ಬಾಯಿ ಹಚ್ಚಲೇಬಾರದು. ಮೆಥನಾಲು ವಿಷ, ಕೆಲವೇ ಗುಟುಕು ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಅದರ ಬೆಂಕಿಯೂ ಹಗಲ ಬಿಸಿಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಇಪ್ಪತ್ತು ರೂಪಾಯಿಯ ಆಸುಪಾಸಿನ ದೊಡ್ಡ ಸಿರಿಂಜು ಒಂದಿದ್ದರೆ ತುಂಬುವುದಕ್ಕೂ ತೆಗೆಯುವುದಕ್ಕೂ ಅದೇ ಸಾಕು.